ಗೋಮಾಳವೂ ಪ್ರಸಾದವೇ



ವೀರಶೈವ ಧರ್ಮದಲ್ಲಿ ಹುಟ್ಟಿದವನು ಬೆಳಗಾಗೆದ್ದು ಸ್ನಾನ ಮಾಡಿ, ಹಣೆಗೆ ವಿಭೂತಿ ಧರಿಸಿ, ಇಷ್ಟಲಿಂಗವನ್ನು ಕರಸ್ಥಲಕ್ಕೆ ಬಿಜಯಂಗೈಸಿಕೊಳ್ಳುತ್ತಾನೆ. ಆ ವಿಭೂತಿ ಎಲ್ಲಿಂದ ಬಂತೆಂದು ಕೇಳಿದರೆ ಸಂತೆಯಿಂದ ಬಂತು, ಮಠದಿಂದ ಬಂತು ಎನ್ನುತ್ತಾನೆ. ಅದಕ್ಕೂ ಹಿಂದೆ ಅದು ಆಕಳ ಸಗಣಿಯಾಗಿತ್ತು. ಸಗಣಿಗೂ ಹಿಂದೆ ಹುಲ್ಲಾಗಿತ್ತು. ಆ ಹುಲ್ಲು ಬೆಳೆದದ್ದು ಯಾರೊಬ್ಬರ ಪಟ್ಟಾ ಜಮೀನಿನಲ್ಲೂ ಅಲ್ಲ. ಊರಿಗೆಲ್ಲ ಸೇರಿದ ಗೋಮಾಳದಲ್ಲಿ. ನಮ್ಮ ಉತ್ತರದ ಕಡೆ ಅದನ್ನೇ ಗಾಯರಾಣ ಎನ್ನುತ್ತಾರೆ.

ಶ್ರೀ ಶಿವಯೋಗಿ ಶಿವಾಚಾರ್ಯರು ಸಿದ್ಧಾಂತ ಶಿಖಾಮಣಿಯ ಭಸ್ಮಧಾರಣ ಸ್ಥಲದಲ್ಲಿ ಈ ಮಾತನ್ನು ಬಹು ಸೂಕ್ಷ್ಮವಾಗಿ ವಿವರಿಸಿದ್ದಾರೆ. ನಂದಾ, ಭದ್ರಾ, ಸುರಭಿ, ಸುಶೀಲಾ, ಸುಮನಾ ಎಂಬ ಐದು ಗೋವುಗಳಿಂದ ವಿಭೂತಿ, ಭಸಿತ, ಭಸ್ಮ, ಕ್ಷಾರ, ರಕ್ಷಾ ಎಂಬ ಐದು ಬಗೆಯ ಭಸ್ಮಗಳಾದವು. ಅವುಗಳನ್ನು ಸಿದ್ಧಪಡಿಸುವ ಕ್ರಮವೂ ನಾಲ್ಕು: ಕಲ್ಪ, ಅನುಕಲ್ಪ, ಉಪಕಲ್ಪ, ಅಕಲ್ಪ. ಶಾಸ್ತ್ರೋಕ್ತವಾಗಿ ಗೋಮಯವನ್ನು ಹಿಡಿದು ಮಾಡಿದ್ದು ಮೊದಲನೆಯದು. ಅಡವಿಯಲ್ಲಿ ಬಿದ್ದು ಒಣಗಿದ ಸಗಣಿಯಿಂದ ಮಾಡಿದ್ದು ಎರಡನೆಯದು. ಅಂಗಡಿಯಿಂದ ತಂದುದನ್ನು ಶುದ್ಧಿ ಮಾಡಿಕೊಂಡದ್ದು ಮೂರನೆಯದು. ಅಡವಿಯಲ್ಲಿ ಆಯ್ದುದಕ್ಕೆ ಅಂಗಡಿಯಲ್ಲಿ ಕೊಂಡುದಕ್ಕಿಂತ ಮೇಲಿನ ಸ್ಥಾನ ಕೊಟ್ಟಿದ್ದಾರೆ ಎಂಬುದನ್ನು ಗಮನಿಸಿರಿ. ಬೆಲೆ ತೆತ್ತು ಕೊಂಡದ್ದೇ ಶ್ರೇಷ್ಠ, ಪುಕ್ಕಟೆ ಸಿಕ್ಕದ್ದು ಕನಿಷ್ಠ ಎಂಬ ಇಂದಿನ ಲೆಕ್ಕ ಆಚಾರ್ಯರ ಲೆಕ್ಕವಲ್ಲ.

ಇಂದು ಈ ವಿಷಯವನ್ನೆತ್ತಲು ಕಾರಣವಿದೆ. ಯಾವ ಊರಿಗೆ ಧರ್ಮಸಭೆಗೆ ಹೋದರೂ ಗೋಮಾಳದ ಒಂದು ತಕರಾರು ನಮ್ಮ ಮುಂದೆ ಬರುತ್ತದೆ. ಊರ ಗುಡ್ಡ ಯಾರಿಗೆ ಸೇರಬೇಕು, ಕೆರೆಯ ಅಂಗಳ ಯಾರ ಪಾಲು, ಗಾಯರಾಣದಲ್ಲಿ ಏನು ಕಟ್ಟಬೇಕು ಎಂಬುದೇ ತಕರಾರು. ಎರಡೂ ಕಡೆಯವರು ನಮ್ಮ ಭಕ್ತರೇ, ಇಬ್ಬರೂ ತಮ್ಮದೇ ನ್ಯಾಯ ಎನ್ನುತ್ತಾರೆ. ಇಬ್ಬರ ಮಾತನ್ನೂ ಸಮಾಧಾನದಿಂದ ಕೇಳಿದರೆ ಇಬ್ಬರೂ ಸುಳ್ಳು ಹೇಳುತ್ತಿಲ್ಲ ಎಂಬುದು ತಿಳಿಯುತ್ತದೆ. ಒಂದೇ ಗುಡ್ಡವನ್ನು ಇಬ್ಬರೂ ಬೇರೆ ಬೇರೆ ಕಣ್ಣಿನಿಂದ ನೋಡುತ್ತಿರುತ್ತಾರೆ, ಅಷ್ಟೆ.

ಊರ ಮುಂದೆ ಒಂದು ಗುಡ್ಡವಿದೆ ಎಂದುಕೊಳ್ಳೋಣ. ದನಗಾಹಿಗೆ ಅದು ಹುಲ್ಲು. ಕುರಿಗಾರನಿಗೆ ಮಳೆಗಾಲದಲ್ಲಿ ಹೊಲಗಳೆಲ್ಲ ಬಿತ್ತನೆಯಾದಾಗ ಹಿಂಡು ನಿಲ್ಲಿಸಲು ಉಳಿದ ಒಂದೇ ತಾವು. ಒಲೆ ಉರಿಸುವ ತಾಯಿಗೆ ಅದು ಪುಳ್ಳೆ, ಕಟ್ಟಿಗೆ. ನಾಟಿ ವೈದ್ಯನಿಗೆ ಬೇರು, ತೊಗಟೆ. ಗುಡ್ಡದ ಕೆಳಗೆ ಹೊಲವಿರುವ ರೈತನಿಗೆ ಬಾವಿಯ ನೀರು. ಮಳೆ ನೀರು ಮೇಲೆ ಇಂಗಿದರೆ ತಾನೆ ಕೆಳಗೆ ಸೆಲೆ? ಭೂಮಿಯಿಲ್ಲದವನಿಗೆ ಅದು ಎಂದಾದರೂ ತನ್ನದಾಗಬಹುದಾದ ಎರಡೆಕರೆ. ಗುತ್ತಿಗೆದಾರನಿಗೆ ಜಲ್ಲಿ, ಗರಸು. ಭಕ್ತನಿಗೆ ತುದಿಯಲ್ಲಿ ನೆಲೆಸಿದ ಮಲ್ಲಯ್ಯ, ಪೂಜೆಗೆ ಬೇಕಾದ ಬಿಲ್ವಪತ್ರೆ. ಇಷ್ಟು ಜನರಲ್ಲಿ ತನಗೆ ಸಿಗುವ ಲಾಭವನ್ನು ರೂಪಾಯಿ ಲೆಕ್ಕದಲ್ಲಿ ಬರೆದು ತೋರಿಸಬಲ್ಲವನು ಗುತ್ತಿಗೆದಾರ ಒಬ್ಬನೇ. ಮಿಕ್ಕವರ ಲಾಭಕ್ಕೆ ರಸೀದಿಯಿಲ್ಲ. ರಸೀದಿ ಇಲ್ಲದ ಲಾಭ ಲೆಕ್ಕದ ಪುಸ್ತಕಕ್ಕೆ ಬರುವುದಿಲ್ಲ. ಆಗ ಆ ಗುಡ್ಡಕ್ಕೆ ‘ಪಾಳು’ ಎಂಬ ಹೆಸರು ಬೀಳುತ್ತದೆ.

ಹೀಗೆ ಪಾಳು ಎಂದು ತಿಳಿದ ನೆಲದಿಂದ ಎಂಥ ಕಲಹ ಹುಟ್ಟಿತೆಂಬುದಕ್ಕೆ ನಮ್ಮ ನಾಡಿನಲ್ಲೇ ನಿದರ್ಶನವಿದೆ. 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಹುಟ್ಟಿತು. ಸರ್ಕಾರದ ಅರಣ್ಯ ಅಭಿವೃದ್ಧಿ ನಿಗಮವೂ, ತುಂಗಭದ್ರೆಯ ದಂಡೆಯಲ್ಲಿ ರೇಯಾನ್ ನಾರಿಗೆ ಬೇಕಾದ ತಿರುಳು ತಯಾರಿಸುವ ಹರಿಹರದ ಕಾರ್ಖಾನೆಯೂ ಅದರ ಪಾಲುದಾರರು. ಆಗಿನ ಧಾರವಾಡ, ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಸಿ ಮತ್ತು ಡಿ ದರ್ಜೆಯ ಭೂಮಿ ಎಂದು ಗುರುತಿಸಿದ್ದ ಸುಮಾರು 30,000 ಹೆಕ್ಟೇರ್, ಅಂದರೆ 75,000 ಎಕರೆಯನ್ನು ಆ ಕಂಪನಿಗೆ ಗುತ್ತಿಗೆ ಕೊಟ್ಟು ನೀಲಗಿರಿ ಬೆಳೆಸುವ ಯೋಜನೆ ಅದು. ಕಾಗದದ ಮೇಲೆ ನೋಡಿದರೆ ಅದರಲ್ಲಿ ದೋಷ ಕಾಣದು. ಬರಡು ನೆಲ ಹಸಿರಾಗುತ್ತದೆ, ಕಾರ್ಖಾನೆಗೆ ಕಚ್ಚಾ ಮಾಲು ಸಿಗುತ್ತದೆ, ಸರ್ಕಾರಕ್ಕೆ ಆದಾಯ ಬರುತ್ತದೆ.

ಆದರೆ ಆ ನೆಲ ಬರಡಾಗಿರಲಿಲ್ಲ. ಅಲ್ಲಿ ಊರ ದನ ಮೇಯುತ್ತಿದ್ದವು, ಊರ ಒಲೆಗಳಿಗೆ ಸೌದೆ ಸಿಗುತ್ತಿತ್ತು. ನೀಲಗಿರಿಯ ಎಲೆಯನ್ನು ದನವೂ ಮುಟ್ಟದು, ಕುರಿಯೂ ಮುಟ್ಟದು. ಕಾರ್ಖಾನೆಗೆ ಅದು ಉತ್ತಮ ಮರ, ದನಗಾಹಿಗೆ ಮಾತ್ರ ಮರವೇ ಅಲ್ಲ. 1986ರ ಕೊನೆಯಲ್ಲಿ ಡಾ. ಶಿವರಾಮ ಕಾರಂತರು, ಸಮಾಜ ಪರಿವರ್ತನ ಸಮುದಾಯದವರು ಮೊದಲಾದವರು ಸುಪ್ರೀಂ ಕೋರ್ಟಿನ ಮೊರೆ ಹೋದರು; 1987ರ ಮಾರ್ಚಿಯಲ್ಲಿ ತಡೆಯಾಜ್ಞೆ ಬಂತು. ಅದೇ ವರ್ಷದ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ಊರ ಜನ ಸೇರಿ ಒಂದಿಷ್ಟು ನೀಲಗಿರಿ ಸಸಿಗಳನ್ನು ಸಾಂಕೇತಿಕವಾಗಿ ಕಿತ್ತು, ಆ ಜಾಗದಲ್ಲಿ ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ಎಂದು ಅದಕ್ಕೆ ಹೆಸರಾಯಿತು. ಹಲವು ವರ್ಷಗಳ ಹೋರಾಟದ ನಂತರ 1991ರಲ್ಲಿ ಆ ಕಂಪನಿಯನ್ನೇ ಮುಚ್ಚಬೇಕಾಯಿತು.

ಆ ಸತ್ಯಾಗ್ರಹದ ಹೆಸರಿನಲ್ಲೇ ಒಂದು ವಿವೇಕವಿದೆ. ಕೀಳುವುದರ ಜೊತೆಗೆ ಹಚ್ಚುವುದೂ ಇತ್ತು. ಬೇಡವಾದುದನ್ನು ಬೇಡ ಎಂದ ಜನ ತಮಗೇನು ಬೇಕೆಂಬುದನ್ನೂ ಅದೇ ಮಣ್ಣಿನಲ್ಲಿ ತೋರಿಸಿಕೊಟ್ಟರು. ಯೋಜನೆ ಬರೆಯುವ ಮೊದಲೇ ಯಾರಾದರೂ ಆ ಊರುಗಳಿಗೆ ಹೋಗಿ, ಈ ನೆಲ ನಿಮಗೆ ಏನು ಕೊಡುತ್ತದೆ ಎಂದು ಕೇಳಿದ್ದರೆ ಏಳು ವರ್ಷದ ಕಲಹ ತಪ್ಪುತ್ತಿತ್ತು.

ಇದು ಭಾವಾವೇಶದ ಮಾತಲ್ಲ, ಲೆಕ್ಕದ ಮಾತೂ ಹೌದು. ಅರ್ಥಶಾಸ್ತ್ರಜ್ಞರಾದ ಎನ್.ಎಸ್. ಜೋಧಾ ಅವರು ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳ ಒಣ ಸೀಮೆಯ 80ಕ್ಕೂ ಹೆಚ್ಚು ಹಳ್ಳಿಗಳನ್ನು ಸುತ್ತಿ, ಊರೊಟ್ಟಿನ ಭೂಮಿಯ ಸಂಗತಿಯನ್ನು ಅಭ್ಯಾಸ ಮಾಡಿ 1986ರಲ್ಲಿ ಪ್ರಕಟಿಸಿದರು. ಬಡ ಕುಟುಂಬಗಳ ಆದಾಯದಲ್ಲಿ ಶೇ. 14ರಿಂದ 23ರಷ್ಟು ಇಂಥ ನೆಲದಿಂದಲೇ ಬರುತ್ತದೆ ಎಂದು ಅವರು ಕಂಡರು. ಹೊಲಮನೆ ಇರುವ ಅನುಕೂಲಸ್ಥರಿಗೆ ಅದರಿಂದ ಸಿಗುವುದು ತೀರ ಅಲ್ಪ. ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಊರ ಪಂಚರು ಕಟ್ಟೆಯ ಮೇಲೆ ಕುಳಿತು “ಗಾಯರಾಣ ಹೋದರೆ ಏನು ಮಹಾ ನಷ್ಟ?” ಎಂದಾಗ ಅವರ ಮಟ್ಟಿಗೆ ಅದು ನಿಜವೇ. ಏಕೆಂದರೆ ಅವರ ದನಕ್ಕೆ ಅವರ ಹೊಲದ ಬದುವಿನ ಹುಲ್ಲಿದೆ, ಬಣವೆಯ ಮೇವಿದೆ. ನಷ್ಟವಾಗುವವನು ಆ ಕಟ್ಟೆಯ ಮೇಲೆ ಇರುವುದೇ ಇಲ್ಲ.

2005ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಜಗತ್ತಿನ ಸಾವಿರಕ್ಕೂ ಹೆಚ್ಚು ತಜ್ಞರು ಕೂಡಿ ಒಂದು ದೊಡ್ಡ ವರದಿ ಹೊರತಂದರು. ಪ್ರಕೃತಿಯಿಂದ ಮನುಷ್ಯನಿಗಾಗುವ ಉಪಕಾರಗಳನ್ನು ಅವರು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಅನ್ನ, ನೀರು, ಕಟ್ಟಿಗೆಯಂಥ ವಸ್ತುಗಳನ್ನು ಕೊಡುವುದು ಒಂದು. ನೆರೆ, ಬರ, ಗಾಳಿ, ಹವೆಗಳನ್ನು ಹದದಲ್ಲಿಡುವುದು ಎರಡು. ಮಣ್ಣು ಕಟ್ಟುವಂತೆ, ಎಲ್ಲಕ್ಕೂ ತಳದಲ್ಲಿ ನಿಂತು ಆಧಾರವಾಗುವುದು ಮೂರು. ಮನಸ್ಸಿಗೆ, ಸಂಸ್ಕೃತಿಗೆ, ಭಕ್ತಿಗೆ ಒದಗುವುದು ನಾಲ್ಕು. ಕಾಣುವ ಫಲದ ಜೊತೆಗೆ ಕಾಣದ ಫಲವನ್ನೂ ಎಣಿಸಿರಿ ಎಂಬುದು ಅದರ ತಾತ್ಪರ್ಯ. ಗುಡ್ಡದ ಮೇಲಿನ ಮಲ್ಲಯ್ಯನನ್ನು ವಿಜ್ಞಾನಿಗಳೂ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆಂದರೆ, ಭಕ್ತರಾದ ನಾವು ಬಿಡಬಹುದೆ?

ನಮ್ಮ ಪರಂಪರೆಗೆ ಈ ವಿಚಾರ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನು ಒಮ್ಮೆ ಸಾವಧಾನವಾಗಿ ಸ್ಮರಿಸಿರಿ. ತುರುಗಾಹಿ ರಾಮಣ್ಣನವರು ದನ ಕಾಯ್ದವರು. ಮೋಳಿಗೆಯ ಮಾರಯ್ಯನವರು ಅಡವಿಯಿಂದ ಸೌದೆ ಹೊರೆ ತಂದು ಮಾರಿ ದಾಸೋಹ ನಡೆಸಿದವರು. ಮೇದಾರ ಕೇತಯ್ಯನವರು ಬಿದಿರು ಕಡಿದು ಬುಟ್ಟಿ ಹೆಣೆದವರು. ಕುಂಬಾರ ಗುಂಡಯ್ಯನವರಿಗೆ ಮಣ್ಣು ಬೇಕು, ಅಂಬಿಗರ ಚೌಡಯ್ಯನವರಿಗೆ ಹೊಳೆ ಬೇಕು, ಮಡಿವಾಳ ಮಾಚಿದೇವರಿಗೆ ನೀರಿನ ದಂಡೆ ಬೇಕು, ವೈದ್ಯ ಸಂಗಣ್ಣನವರಿಗೆ ಗಿಡಮೂಲಿಕೆ ಬೇಕು. ಈ ಕಾಯಕಗಳಲ್ಲಿ ಯಾವುದಾದರೂ ಒಬ್ಬರ ಸ್ವಂತ ಹೊಲದಲ್ಲಿ ನಡೆಯುವಂಥದೆ? ಒಂದೂ ಅಲ್ಲ. ಎಲ್ಲವೂ ಊರಿಗೆಲ್ಲ ಸೇರಿದ ಅಡವಿ, ಹೊಳೆ, ಕೆರೆ, ಮಾಳಗಳ ಮೇಲೆ ನಿಂತ ಕಾಯಕಗಳು. ಅಂದಿನ ಅಡವಿಗೆ ಬೇಲಿ ಬಿದ್ದಿದ್ದರೆ ಮಾರಯ್ಯನವರ ಕಾಯಕ ನಿಲ್ಲುತ್ತಿತ್ತು. ಕಾಯಕ ನಿಂತರೆ ದಾಸೋಹವೆಲ್ಲಿ? ಆದ್ದರಿಂದ ಗೋಮಾಳದ ವಿಚಾರವನ್ನು ಧರ್ಮದ ಹೊರಗಿನ ವಿಚಾರವೆಂದು ಯಾರೂ ತಿಳಿಯಬಾರದು.

ಹಾಗೆಂದು ಊರೊಟ್ಟಿನದು ಎಂದ ಮಾತ್ರಕ್ಕೆ ಸಿಕ್ಕಷ್ಟು ಬಾಚಿಕೊಳ್ಳಬಹುದೆಂದಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಸತಿ ಲಕ್ಕಮ್ಮನವರು ಹೆಚ್ಚಾದುದನ್ನು ಹಿಂದಕ್ಕೆ ಚೆಲ್ಲಿ ಬನ್ನಿ ಎಂದು ಕಳುಹಿಸಿದ ಪ್ರಸಂಗ ನಿಮಗೆಲ್ಲ ಗೊತ್ತು. ಅಂಗಳದಲ್ಲಿ ಬಿದ್ದ ಅಕ್ಕಿ ಯಾರದೂ ಅಲ್ಲ. ಆದ್ದರಿಂದಲೇ ಅದನ್ನು ತೆಗೆದುಕೊಳ್ಳುವವನಿಗೆ ಮಿತಿ ಬೇಕು. ತನ್ನ ದನ ಮೇಯಿಸಿಕೊಳ್ಳುವವನು ಬೇರೆ, ಊರ ಮಣ್ಣನ್ನು ಟ್ರ್ಯಾಕ್ಟರಿಗೆ ತುಂಬಿ ಮಾರುವವನು ಬೇರೆ. ಒಣಗಿದ ಪುಳ್ಳೆ ಆಯುವ ತಾಯಿ ಬೇರೆ, ಹಸಿ ಮರಕ್ಕೆ ಕೊಡಲಿ ಹಾಕುವವನು ಬೇರೆ. ಗೋಮಾಳ ಬರಿದಾಗುವುದು ಬಳಕೆಯಿಂದಲ್ಲ, ಮಿತಿ ಮೀರಿದ ಬಳಕೆಯಿಂದ.

ಕೆರೆಯ ವಿಷಯದಲ್ಲಂತೂ ಹಿತಗಳ ಈ ಘರ್ಷಣೆ ಇನ್ನೂ ಸ್ಪಷ್ಟ. ಅಚ್ಚುಕಟ್ಟಿನ ರೈತ ತೂಬು ಎತ್ತಿ ನೀರು ಬಿಡಿ ಎನ್ನುತ್ತಾನೆ. ಮೀನು ಬಿಟ್ಟವನು ಇಷ್ಟಾದರೂ ನೀರು ನಿಲ್ಲಲಿ ಎನ್ನುತ್ತಾನೆ. ದನದವನಿಗೆ ಬೇಸಿಗೆಯ ಕುಡಿಯುವ ನೀರಿನ ಚಿಂತೆ. ಕುಂಬಾರನಿಗೂ, ಹೊಲಕ್ಕೆ ಗೋಡು ಹೊಡೆಯುವವನಿಗೂ ಕೆರೆ ಒಣಗಿದಾಗಲೇ ಕೆಲಸ. ಕೆರೆ ತುಂಬಿರಬೇಕು, ಕೆರೆ ಬತ್ತಬೇಕು, ಎರಡೂ ನ್ಯಾಯವೇ! ಸೊನ್ನಲಿಗೆಯ ಸಿದ್ಧರಾಮೇಶ್ವರರು ಭಕ್ತರನ್ನು ಕೂಡಿಸಿಕೊಂಡು ಕೆರೆ ಕಟ್ಟಿಸಿದರು. ಸೊಲ್ಲಾಪುರದಲ್ಲಿ ಇಂದಿಗೂ ಆ ಕೆರೆಯ ನಡುವೆ ಅವರ ಗುಡಿಯಿದೆ. ಎಲ್ಲರ ಕೈ ಸೇರಿ ತೋಡಿದ ಕೆರೆಯಲ್ಲಿ ಎಲ್ಲರಿಗೂ ಪಾಲಿದೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ನಮ್ಮ ಹಿರಿಯರು ಇಂಥ ಹಿತಗಳನ್ನು ತಿಂಗಳ ಲೆಕ್ಕದಲ್ಲಿ ಹಂಚಿಕೊಂಡಿದ್ದರು. ಇಂಥ ಮಾಸಕ್ಕೆ ನೀರು, ಇಂಥ ಮಾಸಕ್ಕೆ ಮೀನು, ಇಂಥ ಮಾಸಕ್ಕೆ ಮಣ್ಣು. ಒಬ್ಬನ ಸರದಿ ಮುಗಿದ ಮೇಲೆ ಮತ್ತೊಬ್ಬನ ಸರದಿ. ಸರದಿ ಮುರಿದಲ್ಲಿ ಜಗಳ ಹುಟ್ಟುತ್ತಿತ್ತು.

ಗದಗ ಜಿಲ್ಲೆಯ ಕಪ್ಪತಗುಡ್ಡದ ಸಂಗತಿಯನ್ನೂ ಇಲ್ಲಿ ನೆನೆಯಬೇಕು. ಔಷಧಿ ಸಸ್ಯಗಳಿಗೆ ಅದು ಹೆಸರುವಾಸಿ. ಕಪ್ಪತ ಮಲ್ಲೇಶ್ವರನ ಸನ್ನಿಧಿ ಅಲ್ಲಿದೆ, ಡೋಣಿಯ ನಂದಿವೇರಿ ಮಠ ಅದರ ಮಡಿಲಲ್ಲಿದೆ. ಅದೇ ಗುಡ್ಡದ ಒಡಲಲ್ಲಿ ಚಿನ್ನವಿದೆ, ಅದಿರಿದೆ ಎಂದು ಕಣ್ಣಿಟ್ಟವರೂ ಇದ್ದರು, ತುದಿಯಲ್ಲಿ ಬೀಸುವ ಗಾಳಿಯಿಂದ ವಿದ್ಯುತ್ ತೆಗೆಯುವವರೂ ಬಂದರು. 2015ರಲ್ಲಿ ಸಂರಕ್ಷಿತ ಪ್ರದೇಶವೆಂದು ಸರ್ಕಾರ ಘೋಷಿಸಿದ್ದನ್ನು ಮರುವರ್ಷವೇ ಹಿಂತೆಗೆದುಕೊಂಡಾಗ ಜನ ಎದ್ದು ನಿಂತರು. 2017ರ ಫೆಬ್ರವರಿಯಲ್ಲಿ ಗದುಗಿನಲ್ಲಿ ನಡೆದ ಧರಣಿಗೆ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಮಹಾಸ್ವಾಮಿಗಳವರು ಮುಂದಾಳತ್ವ ವಹಿಸಿದರು. ಅದೇ ವರ್ಷ ಘೋಷಣೆ ಮರಳಿ ಬಂತು. 2018ರಲ್ಲಿ ಶ್ರೀಗಳು ಲಿಂಗೈಕ್ಯರಾದರು. 2019ರಲ್ಲಿ 244 ಚದರ ಕಿಲೋಮೀಟರಿನಷ್ಟು ಪ್ರದೇಶ ವನ್ಯಜೀವಿ ಧಾಮವಾಯಿತು. ಮಠಮಠಗಳ ನಡುವೆ ವಿಚಾರಭೇದಗಳಿರಬಹುದು. ಗುಡ್ಡ ಉಳಿಯಬೇಕೆಂಬಲ್ಲಿ ಭೇದವಿಲ್ಲ.

ಆದರೆ ಅಲ್ಲಿಯೂ ಒಂದು ಎಚ್ಚರ ಬೇಕು. ಗುಡ್ಡವನ್ನು ಉಳಿಸುವ ಬೇಲಿಯೂ ಬೇಲಿಯೇ. ತೋಳ, ನವಿಲು, ಮೂಲಿಕೆಗಳ ರಕ್ಷಣೆಯಾಗಬೇಕು ಎಂಬುದು ನಿರ್ವಿವಾದ. ತಲೆಮಾರುಗಳಿಂದ ಆ ಸೀಮೆಯಲ್ಲಿ ಹಿಂಡು ತಿರುಗಿಸಿದ ಕುರಿಗಾರ ನಾಳೆ ಎಲ್ಲಿಗೆ ಹೋಗಬೇಕೆಂಬುದೂ ಅಷ್ಟೇ ಮುಖ್ಯವಾದ ಪ್ರಶ್ನೆ. ಗಣಿಯವನು ಅವನನ್ನು ಕೇಳುವುದಿಲ್ಲ ಎಂದು ಆಕ್ಷೇಪಿಸುವ ನಾವು, ರಕ್ಷಣೆಯ ಹೆಸರಿನಲ್ಲಿಯಾದರೂ ಅವನನ್ನು ಕೇಳಿಯೇ ಹೆಜ್ಜೆಯಿಡಬೇಕು. ಜಂಗಮ ಎಂದರೆ ಚಲಿಸುವವನು. ಒಂದೆಡೆ ಮನೆ ಮಾಡಿ ನಿಂತವರ ಲೆಕ್ಕ ಮಾತ್ರ ಹಿಡಿದು, ತಿರುಗಿ ಬದುಕುವವನ ಲೆಕ್ಕ ಬಿಡುವುದು ಜಂಗಮವನ್ನು ಪೂಜಿಸುವ ಧರ್ಮಕ್ಕೆ ಒಪ್ಪುವುದಿಲ್ಲ.

ಈಗ ನಮ್ಮ ಮಠದ ಮಾತಿಗೆ ಬರೋಣ. ವರ್ಷದಲ್ಲಿ ಹಲವು ಸಲ ಊರ ಹಿರಿಯರು ಬಂದು, “ಅಜ್ಜಾರ, ಗಾಯರಾಣ ಸುಮ್ನ ಬಿದ್ದೈತ್ರಿ. ಸಮುದಾಯ ಭವನಕ್ಕ ಎರಡೆಕರೆ ಕೊಡಸ್ರಿ. ತಮ್ಮದೊಂದು ಪತ್ರ ಆದ್ರ ಸಾಕು” ಎನ್ನುತ್ತಾರೆ. ಅವರ ಭಕ್ತಿಯಲ್ಲಿ ನಮಗೆ ಸಂಶಯವಿಲ್ಲ. ಮದುವೆ ಮುಂಜಿಗಳಿಗೆ ಒಂದು ನೆರಳು ಬೇಕೆಂಬುದೂ ಸುಳ್ಳಲ್ಲ. ನಮ್ಮ ಉತ್ತರ ಮಾತ್ರ ಒಂದೇ: ಮೊದಲು ಊರ ದನ ಎಣಿಸಿಕೊಂಡು ಬನ್ನಿ.

ಇದು ನಮ್ಮ ಕಟ್ಟಳೆಯಲ್ಲ, ಸರ್ಕಾರದ ನಿಯಮವೇ. 1964ರ ಕರ್ನಾಟಕ ಭೂ ಕಂದಾಯ ಅಧಿನಿಯಮದಂತೆ ದನಗಳ ಉಚಿತ ಮೇವಿಗಾಗಿ ಭೂಮಿ ಕಾದಿರಿಸಲಾಗುತ್ತದೆ. 1966ರ ನಿಯಮಗಳು ನೂರು ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆಯ ಲೆಕ್ಕ ಹಾಕಿಕೊಟ್ಟಿವೆ. ಎಣಿಸಿ ನೋಡಿದರೆ ಎಷ್ಟೋ ಊರುಗಳಲ್ಲಿ ‘ಸುಮ್ಮನೆ ಬಿದ್ದ’ ನೆಲ ದನಕ್ಕೇ ಸಾಲದು ಎಂಬುದು ತಿಳಿಯುತ್ತದೆ. ಪಂಜಾಬಿನ ಒಂದು ಹಳ್ಳಿಯ ಕೆರೆ ಒತ್ತುವರಿಯಾದ ವ್ಯಾಜ್ಯದಲ್ಲಿ 2011ರ ಜನವರಿ 28ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟು, ಊರೊಟ್ಟಿನ ಭೂಮಿಯನ್ನು ಅಕ್ರಮವಾಗಿ ಹಿಡಿದವರನ್ನು ತೆರವು ಮಾಡಲು ಎಲ್ಲ ರಾಜ್ಯಗಳೂ ಯೋಜನೆ ಮಾಡಬೇಕೆಂದು ಆದೇಶಿಸಿತು. ಭೂಮಿಯಿಲ್ಲದ ಕೂಲಿಕಾರರು, ಪರಿಶಿಷ್ಟರಿಗೆ ಸರ್ಕಾರವೇ ಕೊಟ್ಟ ಗುತ್ತಿಗೆ, ಈಗಾಗಲೇ ಎದ್ದ ಶಾಲೆ, ದವಾಖಾನೆಗಳಂಥ ಪ್ರಸಂಗಗಳಿಗೆ ಮಾತ್ರ ವಿನಾಯಿತಿಯ ಅವಕಾಶ ಇಟ್ಟಿತು. ಬಲ್ಲಿದನ ಒತ್ತುವರಿಯೂ ಬಡವನ ಬಗರ್ ಹುಕುಂ ಸಾಗುವಳಿಯೂ ಒಂದೇ ತೂಕದವಲ್ಲ ಎಂಬ ವಿವೇಚನೆ ಅದರಲ್ಲಿದೆ. ನಮ್ಮ ಹಿರಿಯರೂ ಆ ವಿವೇಚನೆ ಇಟ್ಟುಕೊಳ್ಳಬೇಕು. ಎರಡೆಕರೆ ಉತ್ತು ಮಕ್ಕಳ ಹೊಟ್ಟೆ ತುಂಬಿಸುವವನನ್ನು ಮೊದಲು ಎಬ್ಬಿಸಿ, ಇಪ್ಪತ್ತೆಕರೆಗೆ ತಂತಿ ಬೇಲಿ ಎಳೆದವನ ಮನೆಯಲ್ಲಿ ಚಹಾ ಕುಡಿದು ಬರುವುದು ನ್ಯಾಯವಲ್ಲ.

ಹಾಗಾದರೆ ತೀರ್ಮಾನ ಮಾಡುವುದು ಹೇಗೆ? ನಾವು ಬಲ್ಲ ದಾರಿ ದಾಸೋಹದ ಪಂಕ್ತಿ. ಪಂಕ್ತಿಯಲ್ಲಿ ಕುಳಿತವರಿಗೆ ಮೇಲು ಕೀಳಿಲ್ಲ, ಎಲ್ಲರ ಎಲೆಗೂ ಬಡಿಸಿದ ಮೇಲೆಯೇ ಊಟ. ಊರ ಗುಡ್ಡ, ಕೆರೆ, ಗಾಯರಾಣದ ವಿಚಾರ ಗ್ರಾಮಸಭೆಗೆ ಬಂದಾಗ ಜಮೀನುದಾರರು, ಮೆಂಬರರು ಕೊನೆಗೆ ಮಾತನಾಡಲಿ. ಸೌದೆ ತರುವ ತಾಯಂದಿರು, ಕುರಿಗಾರರು, ದನಗಾಹಿಗಳು, ನಾಟಿ ವೈದ್ಯರು, ಭೂಮಿಯಿಲ್ಲದವರು ಮೊದಲು ಮಾತನಾಡಲಿ. ಆ ನೆಲ ಯಾರಿಗೆ ಯಾವ ತಿಂಗಳಲ್ಲಿ ಏನು ಕೊಡುತ್ತದೆ ಎಂಬುದನ್ನು ಒಂದೊಂದಾಗಿ ಬರೆದುಕೊಳ್ಳಲಿ. ಸ್ಥಳ ಪರಿಶೀಲನೆಯನ್ನು ಹೊಲದಲ್ಲೆಲ್ಲ ಹಸಿರಿರುವ ಶ್ರಾವಣದಲ್ಲಿ ಮಾಡದೆ, ಮೇವು ತೀರಿದ ಚೈತ್ರ ವೈಶಾಖದಲ್ಲಿ ಮಾಡಲಿ. ಗಾಯರಾಣದ ಬೆಲೆ ಆಗ ತಿಳಿಯುತ್ತದೆ. ಇಷ್ಟಾದ ಮೇಲೂ ಶಾಲೆಗೆ, ದವಾಖಾನೆಗೆ ಒಂದಿಷ್ಟು ನೆಲ ಕೊಡಲೇಬೇಕಾದರೆ, ಕಳೆದುಕೊಂಡವನಿಗೆ ಬದಲಿ ಮೇವಿನ ವ್ಯವಸ್ಥೆ ಏನೆಂಬುದನ್ನು ಅದೇ ಸಭೆಯಲ್ಲಿ ನಿರ್ಧರಿಸಲಿ. ಎಲ್ಲರಿಗೂ ಪೂರ್ಣ ತೃಪ್ತಿಯಾಗುವುದು ಸಾಧ್ಯವಿಲ್ಲ. ಕೇಳದೆ ಕಳೆದುಕೊಂಡೆ ಎಂಬ ಸಂಕಟ ಮಾತ್ರ ಯಾರಿಗೂ ಉಳಿಯಬಾರದು.

ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಶಿವನಿಗೆ ಅರ್ಪಿತವಾಗಿ ಬಂದುದೇ ಪ್ರಸಾದ. ಅದನ್ನು ಕೆಡಿಸಬಾರದು, ಬಚ್ಚಿಡಬಾರದು, ಮಾರಬಾರದು, ಪಕ್ಕದವನ ಪಾಲನ್ನು ತಾನು ಉಣ್ಣಬಾರದು. ಊರ ಹಿರಿಯರು ಬಿಟ್ಟುಹೋದ ಗೋಮಾಳ, ಗುಡ್ಡ, ಕೆರೆಗಳಿಗೂ ಇದೇ ನಿಯಮ ಸಲ್ಲುತ್ತದೆ. ಎರಡೆಕರೆ ಸಮುದಾಯ ಭವನಕ್ಕೆ ದಾನಿಗಳಿಂದ ನೆಲ ಕೊಂಡುಕೊಳ್ಳಬಹುದು. ಅದಕ್ಕೆ ಮಠವೂ ಕೈಲಾದಷ್ಟು ನೆರವಾಗುತ್ತದೆ. ಹೋದ ಗೋಮಾಳವನ್ನು ಯಾವ ದಾನಿಯೂ ಮರಳಿ ಕೊಡಲಾರ. ಆದ್ದರಿಂದ ಗಾಯರಾಣ ಬೇಡುವ ಪತ್ರ ನಮ್ಮ ಮಠದಿಂದ ಹೊರಡುವುದಿಲ್ಲ. ಗಾಯರಾಣದ ಗಡಿ ಅಳೆಸಿ ಕಲ್ಲು ನೆಡಿಸಲು, ಒತ್ತುವರಿಯಾದ ಕೆರೆಯಂಗಳ ಬಿಡಿಸಲು ಪತ್ರ ಬೇಕೆಂದು ಬನ್ನಿರಿ, ಅಂದೇ ಬರೆದುಕೊಡುತ್ತೇವೆ.

ಊರ ದನಕರುಗಳಿಗೆ ಮೇವು, ಒಲೆಗಳಿಗೆ ಸೌದೆ, ಬಾವಿಗಳಿಗೆ ಸೆಲೆ ಬತ್ತದಿರಲಿ. ಸಕಲ ಸದ್ಭಕ್ತರಿಗೂ ಶಿವನು ಸನ್ಮತಿಯಿತ್ತು ಸಲಹಲಿ.

ಇತಿ ಶಿವಂ.